ಸಫಾರಿ ಇರಲಿ, ಚೀತಾಗೆ ಜಾಗವೂ ಇರಲಿ

ಮುಂದಿನ ವರ್ಷದ ವಿದೇಶ ಅಧ್ಯಯನ ಪ್ರವಾಸದ ಬಗ್ಗೆ ನಮ್ಮ ಕಾಲೇಜಿನಲ್ಲಿ ಈಗಲೇ ಎರಡು ಪಕ್ಷಗಳಾಗಿವೆ. ಮತ್ತೆ ಕೀನ್ಯಾಗೆ ಹೋಗುವುದೇ ಆದರೆ ಸಫಾರಿಯನ್ನು ಕೈಬಿಡಬೇಕು, ಅದು ಬರೀ ಮೋಜು, ಓದಿಗೂ ಅದಕ್ಕೂ ಸಂಬಂಧವಿಲ್ಲ, ಪೋಷಕರ ಹಣ ದಂಡ ಎನ್ನುವವರು ಒಂದು ಕಡೆ. ಇವರಲ್ಲಿ ಕೆಲವು ಪೋಷಕರೂ ಒಬ್ಬಿಬ್ಬರು ಉಪನ್ಯಾಸಕರೂ ಇದ್ದಾರೆ. ಮ್ಯೂಸಿಯಂ, ವಿಶ್ವವಿದ್ಯಾಲಯ ಎಲ್ಲ ಬಿಟ್ಟು ಮಸಾಯಿ ಮಾರಾದಲ್ಲೇ ನಾಲ್ಕು ದಿನ ಇದ್ದುಬಿಡೋಣ ಎನ್ನುವ ಪ್ರಥಮ ಪಿಯುಸಿಯವರು ಇನ್ನೊಂದು ಕಡೆ. ನಮ್ಮ ಫೋಟೋಗಳನ್ನು ನೋಡಿದ ಪರಿಣಾಮ ಇದು.

ಕಳೆದ ದಸರಾ ರಜೆಯಲ್ಲಿ ಹೋಗಿ ಬಂದವರಲ್ಲಿ ನಾನೂ ಇದ್ದೆ. ಈ ಎರಡು ಪಕ್ಷದವರ ಮಾತನ್ನೂ ನಾನು ಒಪ್ಪುವುದಿಲ್ಲ. ಸಫಾರಿ ಇರಬೇಕು. ಆದರೆ ಟ್ರಾವೆಲ್ಸ್‌ನವರು ಕೊಟ್ಟ ಪಟ್ಟಿಯಂತೆ, ಪ್ರಾಣಿಯಿಂದ ಪ್ರಾಣಿಗೆ ವ್ಯಾನ್ ಓಡಿಸಿಕೊಂಡು ಹೋಗುವ ಸಫಾರಿ ಬೇಡ. ಯಾಕೆ ಬೇಡ ಎನ್ನುವುದಕ್ಕೆ ನನ್ನ ಬಳಿ ಕಾರಣವಿದೆ, ಅದಕ್ಕೆ ಒಂದು ಲೆಕ್ಕವೂ ಇದೆ.

ಮೊದಲು ‘ಓದಿಗೆ ಸಂಬಂಧವಿಲ್ಲ’ ಎನ್ನುವ ಮಾತು. ಸಫಾರಿ ಎಂಬ ಪದವೇ ನಮ್ಮಲ್ಲಿ ಹಲವರ ಮನೆಮಾತಿನ ನೆಂಟ. ಸ್ವಾಹಿಲಿಯಲ್ಲಿ ಸಫಾರಿ ಎಂದರೆ ಪ್ರಯಾಣ, ಅಷ್ಟೇ. ಅರಬಿಯ ‘ಸಫರ್’ನಿಂದ ಬಂದದ್ದು. ಉರ್ದುವಿನ ಸಫರ್, ಮುಸಾಫಿರ್ ಎಲ್ಲ ಅದೇ ಬೇರಿನವು. ನೈರೋಬಿಯಿಂದ ಮೊಂಬಾಸಾಗೆ ಬಸ್ಸಿನಲ್ಲಿ ಹೋಗುವ ಅಜ್ಜಿಯದ್ದೂ ಸಫಾರಿಯೇ, ಅದರಲ್ಲಿ ಸಿಂಹ ಇರಬೇಕೆಂದಿಲ್ಲ. ಪುಸ್ತಕಕ್ಕೆ ಅಲ್ಲಿ ‘ಕಿತಾಬು’, ಸುದ್ದಿಗೆ ‘ಹಬಾರಿ’, ಅಂದರೆ ನಮ್ಮ ಖಬರ್. ಮೊದಲ ದಿನ ಊಟದ ಮೇಜಿನಲ್ಲಿ ಇಂಥ ಪದಗಳನ್ನು ಹುಡುಕುವುದೇ ನಮಗೆ ಆಟವಾಗಿತ್ತು. ಸಾವಿರಾರು ವರ್ಷ ಹಿಂದೂ ಮಹಾಸಾಗರದ ಮೇಲೆ ಮಾನ್ಸೂನ್ ಗಾಳಿ ಹಿಡಿದು ಓಡಾಡಿದ ಹಾಯಿಹಡಗುಗಳ ಇತಿಹಾಸವನ್ನು ಪಾಠದಲ್ಲಿ ಓದಿದಾಗ ಅದು ನನಗೆ ಇಷ್ಟು ಹತ್ತಿರ ಅನ್ನಿಸಿರಲಿಲ್ಲ.

ಇನ್ನು ಕಾಡಿನ ವಿಷಯ. ನೈರೋಬಿ ರಾಷ್ಟ್ರೀಯ ಉದ್ಯಾನ 1946ರಲ್ಲಿ ಆರಂಭವಾದದ್ದು, ಕೀನ್ಯಾದ ಮೊದಲನೆಯದು. ವಿಸ್ತೀರ್ಣ ಸುಮಾರು 117 ಚದರ ಕಿಲೋಮೀಟರ್. ನಗರದ ನಡುಭಾಗದಿಂದ ಹತ್ತು ಕಿಲೋಮೀಟರ್ ಕೂಡ ಇಲ್ಲ. ಹುಲ್ಲುಗಾವಲಿನಲ್ಲಿ ಜಿರಾಫೆ ನಿಂತಿದ್ದರೆ ಅದರ ಹಿಂದೆ ಗಾಜಿನ ಗಗನಚುಂಬಿಗಳು ಕಾಣುತ್ತವೆ. ಉದ್ಯಾನದ ಮೂರು ಕಡೆ ಬೇಲಿ, ದಕ್ಷಿಣ ಮಾತ್ರ ತೆರೆದಿದೆ, ಮಳೆಗಾಲದಲ್ಲಿ ಪ್ರಾಣಿಗಳು ಆ ಕಡೆಯ ಬಯಲಿಗೆ ಹೋಗಿ ಬರಲಿ ಎಂದು. ಆದರೆ ಆ ಬಯಲಿನಲ್ಲೂ ಈಗ ಮನೆ, ಕಾರ್ಖಾನೆ, ಬೇಲಿ ಏಳುತ್ತಿವೆ. 2019ರಲ್ಲಿ ಉದ್ಯಾನದ ಮೇಲೆಯೇ ಹಾದುಹೋಗುವ ರೈಲು ಮಾರ್ಗ ಶುರುವಾಯಿತು. ಸುಮಾರು ಆರು ಕಿಲೋಮೀಟರ್ ಉದ್ದದ ಸೇತುವೆ, ಕೆಳಗೆ ಪ್ರಾಣಿಗಳು ನಡೆದುಹೋಗುವಂತೆ ಎತ್ತರದ ಕಂಬಗಳು. ನಾವು ಅದರ ಕೆಳಗಿದ್ದಾಗ ಮೇಲೆ ರೈಲು ಹೋಯಿತು. ಜೀಬ್ರಾಗಳು ತಲೆಯನ್ನೂ ಎತ್ತಲಿಲ್ಲ, ನಾವೆಲ್ಲ ಎತ್ತಿದೆವು. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಷೇಧವಿರುವುದು, 2009ರಿಂದ ಅದರ ಬಗ್ಗೆ ಜಗಳ ನಡೆಯುತ್ತಲೇ ಇರುವುದು ನಮಗೆ ಗೊತ್ತು. ಕಾಡಿನ ಮೇಲೆ ಸೇತುವೆ ಕಟ್ಟುವುದು ಸರಿಯೇ, ರಸ್ತೆಯನ್ನು ರಾತ್ರಿ ಮುಚ್ಚುವುದು ಸರಿಯೇ ಎಂದು ಆ ಸೇತುವೆಯ ನೆರಳಿನಲ್ಲಿ ಅರ್ಧ ಗಂಟೆ ವಾದ ನಡೆಯಿತು. ಇದು ಓದಲ್ಲದಿದ್ದರೆ ಯಾವುದು ಓದು?

ಅದೇ ಉದ್ಯಾನದಲ್ಲಿ ದಂತ ಸುಟ್ಟ ಜಾಗವಿದೆ. 1989ರಲ್ಲಿ ಅಧ್ಯಕ್ಷ ಡೇನಿಯಲ್ ಅರಪ್ ಮೊಯಿ 12 ಟನ್ ಆನೆದಂತಕ್ಕೆ ಬೆಂಕಿ ಹಚ್ಚಿದ್ದು ಅಲ್ಲಿ. ಅದೇ ವರ್ಷ ದಂತದ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಂತು. 2016ರಲ್ಲಿ ಮತ್ತೆ 105 ಟನ್ ಸುಟ್ಟರು. ನಮ್ಮ ವಾಣಿಜ್ಯ ವಿಭಾಗದ ಗೆಳೆಯರಿಗೆ ಇದು ನುಂಗಲಾಗದ ತುತ್ತಾಯಿತು. ಮಾರಿದ್ದರೆ ಆಸ್ಪತ್ರೆ ಕಟ್ಟಬಹುದಿತ್ತಲ್ಲ ಎಂದು ಅವರು. ಮಾರಿದರೆ ಬೆಲೆ ಇದೆ ಎಂದಾಗುತ್ತದೆ, ಬೆಲೆ ಇದ್ದರೆ ಬೇಟೆ ಇದೆ ಎಂದು ನಾವು. ವ್ಯಾನ್ ಹೋಟೆಲ್ ತಲುಪಿದರೂ ತೀರ್ಮಾನವಾಗಲಿಲ್ಲ. ಪೂರೈಕೆ ಮತ್ತು ಬೇಡಿಕೆಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾರಾದರೂ ಮಾಡಿದ್ದು ನನಗೆ ನೆನಪಿಲ್ಲ.

ಹಾಗಾಗಿ ಸಫಾರಿಯನ್ನು ತೆಗೆದುಹಾಕಿ ಎನ್ನುವವರಿಗೆ ನನ್ನ ಉತ್ತರ ಇಷ್ಟು. ನನ್ನ ನಿಜವಾದ ತಕರಾರು ಇರುವುದು ಇನ್ನೊಂದು ಪಕ್ಷದ ಜೊತೆ.

ನೈರೋಬಿಯಿಂದ ಮಾರಾಗೆ ಆರು ಗಂಟೆಯ ದಾರಿ. ಮಹಾ ಬಿರುಕು ಕಣಿವೆಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದ್ದು, ನರೋಕ್ ಪಟ್ಟಣದಲ್ಲಿ ಚಹಾ, ಆಮೇಲೆ ಧೂಳು. ಮಸಾಯಿ ಮಾರಾ ಮೀಸಲು ಪ್ರದೇಶ ಸುಮಾರು 1,510 ಚದರ ಕಿಲೋಮೀಟರ್. ಆಚೆಗೆ ತಾಂಜಾನಿಯಾದ ಸೆರೆಂಗೆಟಿ. ಪ್ರಾಣಿಗಳಿಗೆ ಗಡಿ ಇಲ್ಲ, ನಮಗೆ ಮಾತ್ರ ವೀಸಾ. ಹತ್ತು ಲಕ್ಷಕ್ಕೂ ಹೆಚ್ಚು ವಿಲ್ಡಬೀಸ್ಟ್‌ಗಳು ಹುಲ್ಲು ಮಳೆಯನ್ನು ಹಿಂಬಾಲಿಸಿಕೊಂಡು ಪ್ರತಿವರ್ಷ ಈ ಎರಡು ದೇಶಗಳ ನಡುವೆ ಸುತ್ತುತ್ತವೆ. ನಾವು ಹೋದಾಗ ಅವು ವಾಪಸ್ ಹೊರಡುವ ಹೊತ್ತು. ದಿಗಂತದವರೆಗೆ ಕಪ್ಪು ಚುಕ್ಕೆಗಳು. ಅದನ್ನು ವರ್ಣಿಸುವ ಕೆಲಸಕ್ಕೆ ನಾನು ಕೈಹಾಕುವುದಿಲ್ಲ, ಕಾಲೇಜಿನ ಅರ್ಧ ಮಂದಿಯ ವಾಟ್ಸಾಪ್ ಸ್ಟೇಟಸ್‌ನಲ್ಲಿ ಅದು ಬಂದುಹೋಗಿದೆ.

ಮಾರಾದಲ್ಲಿ ನಿಯಮಗಳಿವೆ. ರಸ್ತೆ ಬಿಟ್ಟು ವಾಹನ ಇಳಿಸುವಂತಿಲ್ಲ. ಒಂದು ಪ್ರಾಣಿಯ ಹತ್ತಿರ ಒಮ್ಮೆಗೆ ಐದಕ್ಕಿಂತ ಹೆಚ್ಚು ವಾಹನ ನಿಲ್ಲುವಂತಿಲ್ಲ. ಗೊತ್ತುಮಾಡಿದ ಜಾಗ ಬಿಟ್ಟು ಬೇರೆಲ್ಲೂ ಕೆಳಗೆ ಇಳಿಯುವಂತಿಲ್ಲ. ಈ ಕೊನೆಯದನ್ನು ನಾವು ಚಾಚೂ ತಪ್ಪದೆ ಪಾಲಿಸಿದೆವು. ಝುಹರ್ ನಮಾಝ್‌ಗೆ ಇಳಿಯುವ ಜಾಗ ಸಿಗುವವರೆಗೆ ಕಾದೆವು. ಒಂದು ಅಕೇಶಿಯಾ ಮರದ ಕೆಳಗೆ ಸಫ್ ಕಟ್ಟಿದಾಗ ಡ್ರೈವರ್ ಅಂಕಲ್ ನಮ್ಮ ಕಡೆ ಬೆನ್ನು ಹಾಕಿ ಪೊದೆಗಳನ್ನು ಕಾಯುತ್ತಾ ನಿಂತಿದ್ದರು. ಉಳಿದ ಎರಡು ನಿಯಮಗಳ ಗತಿ ಬೇರೆ. ಅವನ್ನು ಅಲ್ಲಿ ಎಷ್ಟೋ ವಾಹನಗಳು ಮುರಿಯುತ್ತವೆ.

ಎರಡನೇ ದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಗೆದ್ದಲು ಹುತ್ತದ ಮೇಲೆ ಒಂದು ಹೆಣ್ಣು ಚೀತಾ ಕೂತಿತ್ತು, ಹುಲ್ಲಿನಲ್ಲಿ ಎರಡು ಮರಿಗಳು. ಇಲ್ಲಿ ಒಂದು ಮಾತು: ಚೀತಾ ಬೇರೆ, ಚಿರತೆ ಬೇರೆ. ನಮ್ಮ ಪತ್ರಿಕೆಗಳೂ ಎರಡನ್ನೂ ಕಲಸುತ್ತವೆ. ಚಿರತೆ ರಾತ್ರಿ ಹೊಂಚು ಹಾಕುವ, ಮರ ಹತ್ತಿ ಬೇಟೆಯನ್ನು ಬಚ್ಚಿಡುವ ಪ್ರಾಣಿ. ಚೀತಾ ಹಗಲಿನಲ್ಲಿ ಕಣ್ಣಿನಿಂದ ಬೇಟೆಯಾಡುವ, ಸಪೂರ ಸೊಂಟದ, ಕಣ್ಣಿನಿಂದ ಬಾಯಿವರೆಗೆ ಕಪ್ಪು ಗೆರೆ ಇಳಿದ ಪ್ರಾಣಿ. ಕೆಲವು ನೂರು ಮೀಟರ್ ಅಷ್ಟೇ ಅದರ ಓಟ. ಅಷ್ಟರಲ್ಲಿ ಸಿಕ್ಕರೆ ಊಟ, ಇಲ್ಲದಿದ್ದರೆ ಏದುಸಿರು ಬಿಡುತ್ತಾ ಮಲಗಬೇಕು. ಸಿಕ್ಕ ಬೇಟೆಯನ್ನೂ ಕತ್ತೆಕಿರುಬವೋ ಸಿಂಹವೋ ಬಂದರೆ ಬಿಟ್ಟು ಹೋಗುತ್ತದೆ. ಮರಿಗಳನ್ನು ಸಾಕುವುದು ತಾಯಿ ಒಂದೇ, ಸುಮಾರು ಒಂದೂವರೆ ವರ್ಷ.

ಆ ತಾಯಿ ದೂರದಲ್ಲಿ ಮೇಯುತ್ತಿದ್ದ ಥಾಮ್ಸನ್ ಗಜೆಲ್‌ಗಳನ್ನೇ ನೋಡುತ್ತಿತ್ತು. ಗಜೆಲ್ ಎಂದರೆ ನಮ್ಮ ಕೃಷ್ಣಮೃಗದ ಜಾತಿಯ ಚಿಕ್ಕ ಹುಲ್ಲೆ. ನಾವು ತಲುಪಿದಾಗ ಅಲ್ಲಿದ್ದದ್ದು ಮೂರು ವಾಹನ. ಡ್ರೈವರ್‌ಗಳ ಬಳಿ ರೇಡಿಯೋ ಇರುತ್ತದೆ, ಒಬ್ಬರಿಗೆ ಕಂಡದ್ದು ಎಲ್ಲರಿಗೂ ಗೊತ್ತಾಗುತ್ತದೆ. ಇಪ್ಪತ್ತು ನಿಮಿಷದಲ್ಲಿ ನಾನು ಎಣಿಸಿದ್ದು 19. ಚೀತಾ ಹುತ್ತದಿಂದ ಇಳಿದು ಹುಲ್ಲಿನಲ್ಲಿ ತಗ್ಗಿ ನಡೆಯತೊಡಗಿತು. ಅದರ ಜೊತೆಗೇ ವಾಹನಗಳೂ ಹೊರಟವು. ಯಾವುದೋ ಒಂದು ಜೀಪ್ ರಸ್ತೆ ಬಿಟ್ಟು ಚೀತಾಗೂ ಗಜೆಲ್‌ಗಳಿಗೂ ನಡುವೆ ನುಗ್ಗಿತು. ಗಜೆಲ್‌ಗಳು ಹಾರಿ ಹೋದವು. ಚೀತಾ ನಿಂತಿತು, ಒಮ್ಮೆ ಹಿಂದೆ ಮರಿಗಳ ಕಡೆ ನೋಡಿತು, ಮತ್ತೆ ಕೂತಿತು. ನಮ್ಮ ಡ್ರೈವರ್ ಅಂಕಲ್ ಎಂಜಿನ್ ಆಫ್ ಮಾಡಿ ಸಣ್ಣ ದನಿಯಲ್ಲಿ ಹೇಳಿದರು, “ನಿನ್ನೆಯಿಂದ ಇದು ಏನನ್ನೂ ತಿಂದ ಹಾಗಿಲ್ಲ, ಹೊಟ್ಟೆ ನೋಡಿ.” ನೋಡಿದೆವು. ಹೊಟ್ಟೆ ಬೆನ್ನಿಗೆ ಹತ್ತಿತ್ತು.

ಊರಿಗೆ ಬಂದ ಮೇಲೆ ಜೀವಶಾಸ್ತ್ರ ಮೇಡಂ ನನಗೆ ಒಂದು ಸಂಶೋಧನಾ ಲೇಖನ ಕೊಟ್ಟರು. ನಾನು ಹೇಳಿದ ಲೆಕ್ಕ ಅದರಲ್ಲಿದೆ. ಫೆಮ್ಕೆ ಬ್ರೂಕ್‌ಹೌಸ್ ಎಂಬ ಸಂಶೋಧಕಿ 2013ರಿಂದ 2017ರವರೆಗೆ ಇದೇ ಮಾರಾದ ಚೀತಾಗಳ ಮೇಲೆ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದ್ದು. ಪ್ರವಾಸಿಗರು ಕಡಿಮೆ ಇರುವ ಜಾಗದಲ್ಲಿ ಒಂದು ಹೆರಿಗೆಯ ಮರಿಗಳಲ್ಲಿ ಸರಾಸರಿ 2.3 ಮರಿಗಳು ದೊಡ್ಡವಾಗಿ ಸ್ವತಂತ್ರವಾಗುತ್ತವೆ. ಪ್ರವಾಸಿಗರು ಹೆಚ್ಚು ಇರುವ ಜಾಗದಲ್ಲಿ ಎಷ್ಟು ಗೊತ್ತೇ? 0.2. ಅಂದರೆ ಐದು ಬಾರಿ ಹೆತ್ತರೆ ಒಂದು ಮರಿ ಉಳಿಯುವ ಲೆಕ್ಕ. ಯಾರೂ ಗುಂಡು ಹಾರಿಸಿಲ್ಲ, ಯಾರೂ ಉರುಳು ಹಾಕಿಲ್ಲ. ಕೀನ್ಯಾದಲ್ಲಿ 1977ರಿಂದಲೇ ಬೇಟೆ ನಿಷೇಧ. ಬಂದವರೆಲ್ಲ ಪ್ರಾಣಿಯನ್ನು ಪ್ರೀತಿಸುವವರೇ, ದುಡ್ಡು ಕೊಟ್ಟು ನೋಡಲು ಬಂದವರೇ.

1952ರಲ್ಲಿ ಚೀತಾ ಅಳಿದುಹೋಯಿತೆಂದು ಘೋಷಿಸಿದ ದೇಶ ನಮ್ಮದು. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ಎಂಟು ಚೀತಾಗಳನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟು, ಒಂದೊಂದು ಮರಿ ಹುಟ್ಟಿದಾಗಲೂ ಸುದ್ದಿ ಮಾಡುತ್ತೇವೆ. ಅಲ್ಲಿ ಒಂದು ಮರಿಗೆ ಅಷ್ಟು ಬೆಲೆ ಕಟ್ಟುವ ನಾವು ಮಾರಾದ ಮರಿಯ ಊಟಕ್ಕೆ ಅಡ್ಡ ನಿಲ್ಲುವ ವಾಹನಗಳ ಸಾಲಿನಲ್ಲಿ ಇರಬಾರದು.

ವ್ಯಾನಿನಲ್ಲಿ ಇದರ ಬಗ್ಗೆ ಮಾತಾದಾಗ ಬಂದ ವಾದಗಳನ್ನೂ ಬರೆಯಬೇಕು. ಪ್ರಾಣಿಗಳಿಗೆ ವಾಹನ ಅಭ್ಯಾಸವಾಗಿದೆ ಎಂದು ಒಬ್ಬ ಗೆಳೆಯ. ನಿಜ, ಕೆಲವು ಚೀತಾಗಳು ಜೀಪಿನ ಬಾನೆಟ್ ಮೇಲೇ ಹತ್ತಿ ಕೂರುತ್ತವೆ. ಚೀತಾಗೆ ಅಭ್ಯಾಸವಾಗಿರಬಹುದು, ಗಜೆಲ್‌ಗೆ ಆಗಿಲ್ಲ, ಕಾದು ಕೂತ ಕತ್ತೆಕಿರುಬಕ್ಕೆ ಮಾತ್ರ ವಾಹನಗಳ ಗುಂಪು ಎಂದರೆ ಊಟದ ಗಂಟೆ ಎಂದು ಗೊತ್ತಾಗುತ್ತದೆ. ಇನ್ನೊಬ್ಬಳು, ಇಷ್ಟು ದುಡ್ಡು ಕೊಟ್ಟು ಬಂದಿದ್ದೇವೆ, ದೂರದಿಂದ ನೋಡಿ ಹೋಗಬೇಕಾ ಎಂದಳು. ಈ ಮಾತನ್ನು ತಳ್ಳಿಹಾಕುವುದು ಕಷ್ಟ. ವಯಸ್ಕ ವಿದೇಶಿ ಪ್ರವಾಸಿಗೆ ಜುಲೈಯಿಂದ ಡಿಸೆಂಬರ್‌ವರೆಗೆ ಮಾರಾದ ಪ್ರವೇಶ ಶುಲ್ಕ ದಿನಕ್ಕೆ 200 ಡಾಲರ್, ನಮ್ಮ ಲೆಕ್ಕದಲ್ಲಿ 17 ಸಾವಿರ ರೂಪಾಯಿಗೂ ಮೇಲೆ. ಮನೆಯಲ್ಲಿ ಉಮ್ಮ ಚಿನ್ನ ಅಡವಿಟ್ಟು ಕಳಿಸಿದವರೂ ನಮ್ಮ ಗುಂಪಿನಲ್ಲಿ ಇದ್ದರು. ಅಷ್ಟು ಕೊಟ್ಟವನಿಗೆ ಹತ್ತಿರ ಹೋಗಬೇಕು ಅನ್ನಿಸುವುದು ಸಹಜ. ಡ್ರೈವರ್‌ಗೂ ಅದು ಗೊತ್ತು. ಹತ್ತಿರ ಕರೆದೊಯ್ದರೆ ಟಿಪ್ಸ್, ನಿಯಮ ಹೇಳಿದರೆ ಕಂಪನಿಗೆ ದೂರು. ಆದ್ದರಿಂದ ಈ ವಿಷಯದಲ್ಲಿ ಡ್ರೈವರ್‌ಗಳನ್ನು ಬೈಯುವುದು ನನಗೆ ಸರಿ ಕಾಣುವುದಿಲ್ಲ. ಅವರ ಕೈ ಕಟ್ಟುವುದು ಹಿಂದಿನ ಸೀಟಿನಲ್ಲಿ ಕೂತವರು.

‘ಬಿಗ್ ಫೈವ್’ ಎಂಬ ಪಟ್ಟಿಯೂ ಕಡಿಮೆ ತೊಂದರೆ ಕೊಡುವುದಿಲ್ಲ. ಆನೆ, ಸಿಂಹ, ಚಿರತೆ, ಕಾಡೆಮ್ಮೆ, ಘೇಂಡಾಮೃಗ. ಇದು ಹಿಂದಿನ ಕಾಲದ ಬೇಟೆಗಾರರು ಮಾಡಿದ ಪಟ್ಟಿ, ಕಾಲ್ನಡಿಗೆಯಲ್ಲಿ ಹೊಡೆಯಲು ಅತಿ ಕಷ್ಟ ಮತ್ತು ಅಪಾಯ ಎನಿಸಿದ ಐದು ಪ್ರಾಣಿಗಳು. ಬಂದೂಕು ಹೋಗಿ ಫೋನ್ ಬಂತು, ಪಟ್ಟಿ ಹಾಗೇ ಉಳಿಯಿತು. ನಮ್ಮ ವ್ಯಾನಿನಲ್ಲಿ ಅದಕ್ಕೆ ಟಿಕ್ ಹಾಕುವ ಕಾಗದವೂ ಇತ್ತು. ಘೇಂಡಾಮೃಗ ಸಿಗಲಿಲ್ಲವೆಂದು ಒಂದು ಇಡೀ ಮಧ್ಯಾಹ್ನ ಹೋಯಿತು. ಆ ಹೊತ್ತಿನಲ್ಲಿ ರಸ್ತೆ ಬದಿಯಲ್ಲೇ ಸಗಣಿ ಹುಳು ಉಂಡೆ ಉರುಳಿಸುತ್ತಿತ್ತು, ಹತ್ತು ಲಕ್ಷ ವಿಲ್ಡಬೀಸ್ಟ್‌ಗಳ ಗೊಬ್ಬರವನ್ನು ಮಣ್ಣಿಗೆ ಸೇರಿಸುವ ಕೆಲಸ ಅದರದ್ದೂ ಹೌದು. ಪರಿಸರ ವ್ಯವಸ್ಥೆಯ ಅಧ್ಯಾಯಕ್ಕೆ ಐದು ಅಂಕದ ಪ್ರಶ್ನೆ ಅಲ್ಲೇ ಉರುಳುತ್ತಿತ್ತು.

ನಮ್ಮ ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಪಟ್ಟಿಯಲ್ಲಿ ‘ಸಾಂಸ್ಕೃತಿಕ ಭೇಟಿ, ಎರಡು ಗಂಟೆ’ ಎಂದಷ್ಟೇ ಬರೆದಿದ್ದ ಭಾಗ. ಮೀಸಲು ಪ್ರದೇಶದ ಹೊರಗೆ ಮಸಾಯಿ ಕುಟುಂಬಗಳ ಜಮೀನಿದೆ. ಅದನ್ನು ಒಟ್ಟುಗೂಡಿಸಿ ಕನ್ಸರ್ವೆನ್ಸಿ ಎಂದು ಮಾಡಿದ್ದಾರೆ. ಮಾರಾ ನಾರ್ತ್, ನಾಬೊಯಿಶೊ, ಓಲಾರೆ ಮೊಟೊರೊಗಿ, ಹೀಗೆ ಹಲವು. ಪ್ರವಾಸಿ ಶಿಬಿರದವರು ಜಮೀನಿನ ಒಡೆಯರಿಗೆ ಬಾಡಿಗೆ ಕೊಡಬೇಕು. ನಮ್ಮ ಕರಾವಳಿಯಲ್ಲಿ ಗೇಣಿ ಎಂದರೆ ಬಡ ಒಕ್ಕಲು ಧಣಿಗೆ ಕೊಟ್ಟದ್ದು. ಇಲ್ಲಿ ದನ ಕಾಯುವವನೇ ಧಣಿ, ರೆಸಾರ್ಟಿನವನು ಒಕ್ಕಲು. ವಾಹನ, ಹಾಸಿಗೆಗಳ ಸಂಖ್ಯೆಗೆ ಮಿತಿ ಇದೆ, ದನಗಳು ಸರದಿಯಲ್ಲಿ ಮೇಯುತ್ತವೆ, ಅದೇ ಹುಲ್ಲಿನಲ್ಲಿ ಜೀಬ್ರಾ, ಅದರ ಹಿಂದೆ ಸಿಂಹ. ಕೀನ್ಯಾದ ವನ್ಯಜೀವಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಸರ್ಕಾರದ ಕಾಡುಗಳ ಹೊರಗೆ, ಇಂಥ ಜನರ ನಡುವೆ.

ಎಲ್ಲ ಸರಿಯಾಗಿದೆ ಎಂದಲ್ಲ. ಕೊರೊನಾ ಬಂದು 2020ರಲ್ಲಿ ಪ್ರವಾಸಿಗರು ನಿಂತಾಗ ಬಾಡಿಗೆಗೂ ಏಟು ಬಿತ್ತು. ಹಂಚಿಹೋದ ಜಮೀನಿನಲ್ಲಿ ತಂತಿಬೇಲಿ ಹಾಕುವವರು ಹೆಚ್ಚುತ್ತಿದ್ದಾರೆ. 1977ರಿಂದ 2016ರ ನಡುವೆ ಕೀನ್ಯಾದ ಹುಲ್ಲುಗಾವಲುಗಳ ವನ್ಯಜೀವಿ ಸಂಖ್ಯೆ ಸರಾಸರಿ ಶೇಕಡಾ 68ರಷ್ಟು ಕುಸಿದಿದೆ ಎಂದು ಅಧ್ಯಯನ ಹೇಳುತ್ತದೆ. ಆದರೂ ಆ ಮನೆಯ ಹಿರಿಯರೊಬ್ಬರು ರಾತ್ರಿ ದನದ ದೊಡ್ಡಿಗೆ ಸಿಂಹ ಬಂದ ಕಥೆ ಹೇಳಿ, ಆ ಸಿಂಹದ ಬಗ್ಗೆ ಸಿಟ್ಟಿಲ್ಲದೆ ಮಾತಾಡಿದ್ದು ನಮಗೆ ಅಚ್ಚರಿ. ನೈರೋಬಿ ಉದ್ಯಾನದ ಪಕ್ಕದ ಕಿಟೆಂಗೆಲಾದಲ್ಲಿ ರಿಚರ್ಡ್ ಟುರೆರೆ ಎಂಬ ಮಸಾಯಿ ಹುಡುಗ ಹನ್ನೊಂದನೇ ವಯಸ್ಸಿಗೆ ಮಿನುಗುವ ದೀಪಗಳನ್ನು ದೊಡ್ಡಿಯ ಸುತ್ತ ಜೋಡಿಸಿ ಸಿಂಹಗಳನ್ನು ದೂರವಿಟ್ಟ. 2013ರಲ್ಲಿ ಟೆಡ್ ವೇದಿಕೆಯಲ್ಲಿ ಅದನ್ನು ವಿವರಿಸಿದ. ಹಳೆಯ ಬ್ಯಾಟರಿ, ಸೋಲಾರ್ ಫಲಕ, ಕೆಲವು ಎಲ್‌ಇಡಿ ಬಲ್ಬು. ನಮ್ಮ ಭೌತಶಾಸ್ತ್ರ ಲ್ಯಾಬಿನಲ್ಲಿ ಇರುವ ಸಾಮಾನುಗಳಿಗಿಂತ ಹೆಚ್ಚೇನಿಲ್ಲ.

ಇದೆಲ್ಲ ದೂರದ ದೇಶದ ಮಾತು ಅನ್ನಿಸಿದರೆ, ನಾವು ಬಂದ ನಂತರದ ಸುದ್ದಿ ನೆನಪಿಸಿಕೊಳ್ಳಿ. 2025ರ ನವೆಂಬರ್‌ನಲ್ಲಿ ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿಯನ್ನೇ ಸರ್ಕಾರ ನಿಲ್ಲಿಸಿತು. ಸಫಾರಿ ವಾಹನಗಳ ಗದ್ದಲವೇ ಹುಲಿಯನ್ನು ಹೊರಗೆ ಅಟ್ಟುತ್ತಿದೆ ಎಂದು ಹಳ್ಳಿಯವರು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ರೆಸಾರ್ಟಿನವರು. ಯಾರು ಸರಿ ಎಂದು ತೀರ್ಪು ಕೊಡುವ ವಿದ್ಯೆ ನನಗಿಲ್ಲ. ಆದರೆ ಕಾಡಂಚಿನಲ್ಲಿ ಬದುಕುವವನಿಗೆ ಸಫಾರಿಯಿಂದ ಏನು ಸಿಗುತ್ತದೆ ಎಂಬ ಪ್ರಶ್ನೆಯನ್ನು ನಾನು ಕೇಳಲು ಕಲಿತದ್ದು ಆ ಎರಡು ಗಂಟೆಯಲ್ಲಿ.

ಆದ್ದರಿಂದ ಪ್ರವಾಸ ಸಮಿತಿಗೆ ನನ್ನ ಕೋರಿಕೆ. ಮಾರಾದಲ್ಲಿ ಮೀಸಲು ಪ್ರದೇಶದೊಳಗೆ ಒಂದೇ ದಿನ ಸಾಕು, ಉಳಿದ ಒಂದೂವರೆ ದಿನ ಕನ್ಸರ್ವೆನ್ಸಿಯಲ್ಲಿ, ಮಸಾಯಿ ಮಾರ್ಗದರ್ಶಕರ ಜೊತೆ. ಟ್ರಾವೆಲ್ಸ್‌ನವರ ಜೊತೆ ಮಾಡುವ ಒಪ್ಪಂದದಲ್ಲೇ ಬರೆಸಬೇಕು: ನಮ್ಮ ವ್ಯಾನ್ ರಸ್ತೆ ಬಿಡುವುದಿಲ್ಲ, ಐದು ವಾಹನ ಇರುವಲ್ಲಿ ಆರನೆಯದಾಗಿ ನಿಲ್ಲುವುದಿಲ್ಲ, ಬೇಟೆಗೆ ಹೊರಟ ಪ್ರಾಣಿಯನ್ನು ಹಿಂಬಾಲಿಸುವುದಿಲ್ಲ. ಟಿಪ್ಸ್ ಅನ್ನು ಎಲ್ಲರಿಂದ ಒಟ್ಟುಮಾಡಿ ಮೊದಲ ದಿನವೇ ಡ್ರೈವರ್‌ಗೆ ಕೊಟ್ಟುಬಿಡಬೇಕು. ಆಮೇಲೆ ಅವರು ನಮ್ಮ ಮುಖ ನೋಡಿ ಗಾಡಿ ಓಡಿಸಬೇಕಾಗುವುದಿಲ್ಲ. ಈ ಒಂದು ಸಲಹೆಗೆ ನಮ್ಮ ಅರ್ಥಶಾಸ್ತ್ರ ಸರ್ ನಕ್ಕರು, ಮೊದಲೇ ಕೊಟ್ಟರೆ ಕೆಲಸ ಮಾಡುತ್ತಾರೆಯೇ ಎಂದು. ನಮ್ಮ ಅಂಕಲ್ ಅನ್ನು ನೋಡಿದ್ದರೆ ಹಾಗೆ ಕೇಳುತ್ತಿರಲಿಲ್ಲ.

ಇನ್ನೊಂದು ವಿಷಯ, ನಮ್ಮ ತರಗತಿಯಲ್ಲಿ ಹೆಚ್ಚಿನವರು ಕೀನ್ಯಾಗೆ ಬರಲಿಲ್ಲ. ಬರಲು ಮನಸ್ಸಿಲ್ಲದೆ ಅಲ್ಲ. ನಮ್ಮ ಫೋಟೋ ನೋಡಿ ‘ಸೂಪರ್’ ಎಂದು ಹೇಳುವುದಷ್ಟೇ ಅವರ ಪಾಲಿಗೆ ಬಂದದ್ದು. ಅದು ಅಧ್ಯಯನ ಪ್ರವಾಸವಾಗಿದ್ದರೆ ಅಧ್ಯಯನವಾದರೂ ಅವರಿಗೆ ತಲುಪಬೇಕು. ಹೋಗಿ ಬಂದ ಪ್ರತಿಯೊಬ್ಬರೂ ಒಂದು ಪಿರಿಯಡ್ ತರಗತಿಯಲ್ಲಿ ನಿಂತು ಮಾತಾಡಬೇಕು ಎಂಬ ನಿಯಮ ಮಾಡಿ. ನಾನು ಚೀತಾ ಮತ್ತು ಆ 0.2ರ ಬಗ್ಗೆ ಮಾತಾಡುತ್ತೇನೆ. ಗ್ರಾಫ್ ಚಾರ್ಟ್ ತಯಾರಾಗಿದೆ, ಜೀವಶಾಸ್ತ್ರ ಲ್ಯಾಬಿನ ಬಾಗಿಲ ಪಕ್ಕ ಅಂಟಿಸಿದ್ದೇನೆ.